ಬೆರಳ ತುದಿಯಲ್ಲಿ ಕಲ್ಲಿನ ಎಲೆ

ರೋಮ್‌ನ ಬೋರ್ಗೀಸೆ ಗ್ಯಾಲರಿಯಲ್ಲಿ ಡಾಫ್ನೆಯ ಶಿಲ್ಪವಿದೆ. ಅವಳ ಬೆರಳುಗಳ ಫೋಟೋ ಸಿಕ್ಕರೆ ಒಮ್ಮೆ ದೊಡ್ಡದು ಮಾಡಿ ನೋಡಿ. ತುದಿಗಳಿಂದ ಎಲೆ ಹೊರಟಿವೆ. ಎಷ್ಟು ತೆಳು ಅಂದರೆ ಬೆಳಕು ಒಳಗಿಂದ ಹಾದು ಬರುತ್ತದೆ. ಅದೂ ಕಲ್ಲಿನಲ್ಲಿ!

ಗ್ರೀಕ್ ಕಥೆ ಚಿಕ್ಕದು. ಅಪೊಲೊ ಎಂಬ ದೇವರು ಡಾಫ್ನೆಯನ್ನು ಬೆನ್ನಟ್ಟುತ್ತಾನೆ, ಅವಳಿಗೆ ಅವನು ಬೇಡ, ಇನ್ನೇನು ಸಿಕ್ಕಿಬಿದ್ದಳು ಅನ್ನುವಾಗ ನದಿದೇವತೆಯಾದ ಅಪ್ಪನನ್ನು ಕೂಗಿ ಲಾರೆಲ್ ಮರವಾಗುತ್ತಾಳೆ. 1622ರಲ್ಲಿ ಈ ಶಿಲ್ಪವನ್ನು ಕೈಗೆತ್ತಿಕೊಂಡಾಗ ಇಟಲಿಯ ಶಿಲ್ಪಿ ಬರ್ನಿನಿಗೆ 23 ವರ್ಷ. ಮುಗಿದದ್ದು 1625ರಲ್ಲಿ.

ಕಲ್ಲು ಇಟಲಿಯ ಕರಾರಾದ ಅಮೃತಶಿಲೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು, ಆಮೇಲೆ ಬೆಟ್ಟಗಳು ಏಳುವಾಗ ನೆಲದಾಳದಲ್ಲಿ ಸಿಕ್ಕಿ, ಒತ್ತಡಕ್ಕೂ ಕಾವಿಗೂ ಹೊಸದಾಗಿ ಹರಳುಗಟ್ಟಿತು. ಮುರಿದ ಚೂರು ಸಕ್ಕರೆಯಂತೆ ಮಿನುಗುವುದು ಅದಕ್ಕೇ. ಆ ಹರಳಿನ ಹೆಸರು ಕ್ಯಾಲ್ಸೈಟ್. ಅದರ ಮೇಲೆ ಬಿದ್ದ ಬೆಳಕೆಲ್ಲ ಮೇಲಿಂದಲೇ ವಾಪಸಾಗುವುದಿಲ್ಲ, ಸ್ವಲ್ಪ ಒಳಗೆ ಇಳಿದು, ಚದುರಿ, ಮೆತ್ತಗಾಗಿ ಹೊರಬರುತ್ತದೆ. ನಮ್ಮ ಚರ್ಮದಲ್ಲೂ ಹೀಗೇ. ಕತ್ತಲಲ್ಲಿ ಬೆರಳ ಹಿಂದೆ ಟಾರ್ಚ್ ಹಿಡಿದರೆ ಕೆಂಪಗೆ ಹೊಳೆಯುತ್ತದೆ, ಅಲ್ವಾ? ಡಾಫ್ನೆಯ ಮೈ ಜೀವಂತ ಅನಿಸುವುದರಲ್ಲಿ ಉಳಿಯ ಪಾಲು ಎಷ್ಟಿದೆಯೋ ಈ ಹರಳಿನ ಪಾಲೂ ಅಷ್ಟೇ ಇದೆ ಅಂತ ನನಗನಿಸುತ್ತದೆ.

ಕ್ಯಾಲ್ಸೈಟ್ ಮೆದು, ಚಾಕುವಿನಿಂದ ಗೀರಬಹುದು. ಕೆತ್ತುವವರಿಗೆ ಅದು ಅನುಕೂಲ. ಕಷ್ಟ ಇರುವುದು ಬೇರೆ ಕಡೆ. ಅಮೃತಶಿಲೆ ಎಷ್ಟು ಭಾರ ಬೇಕಾದರೂ ಹೊರುತ್ತದೆ, ಆದರೆ ಎಳೆದರೆ ಬಲು ಬೇಗ ಬಿರುಕು ಬಿಡುತ್ತದೆ. ಮೇಲೆ ಚಾಚಿದ ಕೈ, ಅದರ ತುದಿಗೆ ಎಲೆ ಅಂದಮೇಲೆ ಸುತ್ತಿಗೆಯ ಒಂದೇ ಏಟಿನ ನಡುಕ ಸಾಕು, ಬೆರಳೇ ಹೋದೀತು. ಇಂಥ ಕಡೆ ಉಳಿ ಬಿಟ್ಟು ಬೈರಿಗೆ ಹಿಡಿಯುತ್ತಾರೆ. ಸಾಲಾಗಿ ತೂತು ಕೊರೆದು, ನಡುವಿನ ಕಲ್ಲನ್ನು ತೆಗೆದು, ಅರದಲ್ಲಿ ಉಜ್ಜಿ ಉಜ್ಜಿ ತೆಳು ಮಾಡುತ್ತಾರೆ. ಎಲೆ, ಬೇರುಗಳ ಈ ನಾಜೂಕು ಕೆಲಸ ಬಹುಪಾಲು ಸಹಾಯಕ ಜೂಲಿಯಾನೊ ಫಿನೆಲ್ಲಿಯದು. ಕರಾರಾದವನೇ. ಬರ್ನಿನಿಯ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನೂ ಹೇಳಲೇಬೇಕು.

ಓಡುವ ಮೂರ್ತಿ ಸುಮ್ನೆ ಕಾಲ ಮೇಲೆ ನಿಲ್ಲುವುದಿಲ್ಲ, ಕಣಕಾಲಿನ ಹತ್ತಿರ ಮುರಿಯುತ್ತದೆ. ಹಳೆಯ ಶಿಲ್ಪಿಗಳು ಕಾಲಿಗೊಂದು ಮರದ ಮೋಟು ಕೆತ್ತಿ ಆಸರೆ ಕೊಡುತ್ತಿದ್ದರು. ಇಲ್ಲಿ ಕಥೆಯೇ ಮರ ಕೊಟ್ಟಿದೆ! ಡಾಫ್ನೆಯನ್ನು ಸುತ್ತಿ ಮೇಲೇರುವ ತೊಗಟೆ ಅವಳ ಭಾರವನ್ನೂ ನೆಲಕ್ಕೆ ಇಳಿಸುತ್ತದೆ. ಮೈಯನ್ನು ನುಣ್ಣಗೆ ಹೊಳಪಿಸಿ ತೊಗಟೆಯನ್ನು ಒರಟಾಗಿಯೇ ಬಿಟ್ಟಿದ್ದಾರೆ. ಅವಳ ಸೊಂಟಕ್ಕೆ ಅಪೊಲೊ ಕೈ ಹಾಕಿದ್ದಾನೆ. ಅವನ ಅಂಗೈ ಕೆಳಗೆ ಆಗಲೇ ತೊಗಟೆ ಬಂದಾಗಿದೆ.