ಸಿನಾಯ್ ಪ್ರತಿಯಲ್ಲಿ ಒಂದು ಪದ: 1 ತಿಮೊಥೆಯ 3:16ರ ಪಾಠಾಂತರ

ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಪ್ರತಿಯ ಒಂದು ಪದವನ್ನು ಕಣ್ಣಿಟ್ಟು ನೋಡುವುದು ಲೇಸೆಂದು ನನ್ನ ಅಭಿಪ್ರಾಯ.

ಬೈಬಲಿನ ಗ್ರೀಕ್ ಹಸ್ತಪ್ರತಿಯಾದ ಸಿನಾಯ್ ಪ್ರತಿ ಕ್ರಿ.ಶ. 4ನೆಯ ಶತಮಾನದ್ದು. ಅದು ಸುರುಳಿಯಲ್ಲ, ಚರ್ಮದ ಹಾಳೆಗಳನ್ನು ಮಡಚಿ ಹೊಲಿದ ಪುಸ್ತಕ. ಪುಟಕ್ಕೆ ಸಾಮಾನ್ಯವಾಗಿ ನಾಲ್ಕು ಅಂಕಣ, ಅಂಕಣಕ್ಕೆ 48 ಸಾಲು. ಸಿನಾಯ್ ಬೆಟ್ಟದ ಬುಡದಲ್ಲಿರುವ ಸಂತ ಕ್ಯಾಥರೀನ್ ಮಠದಿಂದ ಜರ್ಮನ್ ವಿದ್ವಾಂಸ ಟಿಶೆನ್‌ಡಾರ್ಫ್ 1844ರಲ್ಲಿ 43 ಹಾಳೆಗಳನ್ನು ಲೈಪ್‌ಜಿಗ್‌ಗೆ ಒಯ್ದರು. 1859ರಲ್ಲಿ ಅವರ ಮೂಲಕವೇ ಬಹುಭಾಗ ರಷ್ಯಾಕ್ಕೆ ಹೋಯಿತು. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನು 1 ಲಕ್ಷ ಪೌಂಡಿಗೆ ಬ್ರಿಟನ್ನಿಗೆ ಮಾರಿತು.

ಇದರಲ್ಲಿ ಪದಗಳ ನಡುವೆ ತೆರಪಿಲ್ಲ. ಹಳಗನ್ನಡ ಶಾಸನಗಳನ್ನೋ ಓಲೆಗರಿಗಳನ್ನೋ ಓದಿ ಅಭ್ಯಾಸವಿದ್ದವರಿಗೆ ಇದು ಹೊಸತಲ್ಲ. ಹೊಸತೆನಿಸುವುದು ಪವಿತ್ರ ನಾಮಗಳ ಸಂಕ್ಷೇಪ: ದೇವರು ಎಂಬರ್ಥದ ‘ಥೆಯೊಸ್’ ಪದದ ಮೊದಲ ಅಕ್ಷರವಾದ ಥೀಟಾ, ಕೊನೆಯ ಅಕ್ಷರವಾದ ಸಿಗ್ಮಾ ಇವೆರಡನ್ನೇ ಬರೆದು, ನೆತ್ತಿಯ ಮೇಲೆ ಒಂದು ಗೀಟೆಳೆಯುತ್ತಿದ್ದರು.

ಈಗ ಹೊಸ ಒಡಂಬಡಿಕೆಯ ಪತ್ರಗಳಲ್ಲೊಂದಾದ 1 ತಿಮೊಥೆಯದ 3ನೆಯ ಅಧ್ಯಾಯ, 16ನೆಯ ವಚನಕ್ಕೆ ಬನ್ನಿ. ಶರೀರದಲ್ಲಿ ಪ್ರತ್ಯಕ್ಷನಾದವನು ‘ದೇವರು’ ಎಂದು ಕೆಲವು ಪ್ರತಿಗಳು ಹೇಳಿದರೆ, ‘ಯಾವನು’ ಎಂಬರ್ಥದ ‘ಹೊಸ್’ ಎಂದು ಬೇರೆ ಕೆಲವು ಹೇಳುತ್ತವೆ. ‘ಹೊಸ್’ ಎಂಬುದಕ್ಕೆ ಬೇಕಾದದ್ದು ಓಮಿಕ್ರಾನ್ ಮತ್ತು ಸಿಗ್ಮಾ. ಓಮಿಕ್ರಾನ್ ಬರಿಯ ಸೊನ್ನೆ. ಅದರ ಹೊಟ್ಟೆಯಲ್ಲಿ ಅಡ್ಡಗೀಟು ಬಿದ್ದರೆ ಅದೇ ಥೀಟಾ. ಅಂದರೆ ಹೊಟ್ಟೆಯೊಳಗೊಂದು, ನೆತ್ತಿಯ ಮೇಲೊಂದು, ಎರಡೇ ಗೀಟುಗಳಿಂದ ‘ಯಾವನು’ ಎಂಬುದು ‘ದೇವರು’ ಆಗಿಬಿಡುತ್ತದೆ.

ಸಿನಾಯ್ ಪ್ರತಿಯ ಮೂಲ ಲಿಪಿಕಾರ ಬರೆದದ್ದು ‘ಹೊಸ್’. ಬಹುಕಾಲದ ಮೇಲೆ ತಿದ್ದುಗಾರನೊಬ್ಬ ಅದನ್ನು ಅಳಿಸದೆ, ಸಾಲಿನ ಮೇಲೆ ‘ಥೆ’ ಸೇರಿಸಿದ್ದಾನೆ. 5ನೆಯ ಶತಮಾನದ ಅಲೆಕ್ಸಾಂಡ್ರಿಯಾ ಪ್ರತಿಯಲ್ಲಿ ಗೀಟುಗಳೇನೋ ಇವೆ, ಆದರೆ ಅವು ನಂತರದ ಕೈಯವು. ಮೊದಲೇ ಅಲ್ಲೊಂದು ಮಾಸಲು ಗೀಟಿತ್ತೇ, ಅಥವಾ ಹಾಳೆಯ ಹಿಂಬದಿಯ ಅಕ್ಷರವೇ ಈಚೆಗೆ ಮೂಡಿ ಕಾಣುತ್ತಿತ್ತೇ ಎಂದು ವಿದ್ವಾಂಸರು ಬಹಳ ಕಾಲ ವಾದಿಸಿದರು. ವ್ಯಾಟಿಕನ್ ಪ್ರತಿಯನ್ನು ಇಲ್ಲಿ ಸಾಕ್ಷಿಗೆ ಕರೆಯುವಂತಿಲ್ಲ, ಅದರಲ್ಲಿ ಈ ಪತ್ರವೇ ಉಳಿದಿಲ್ಲ.

ಇಂದಿನ ಸಂಪಾದಕರು ‘ಹೊಸ್’ ಅನ್ನೇ ಮೂಲಪಾಠವೆಂದು ಇಟ್ಟುಕೊಳ್ಳಲು ಇನ್ನೊಂದು ಕಾರಣವೂ ಇದೆ. ಅದರ ಹಿಂದಿರುವ ‘ಮುಸ್ಟೇರಿಯೊನ್’, ಅಂದರೆ ರಹಸ್ಯ, ನಪುಂಸಕಲಿಂಗದ ಪದ. ಪುಲ್ಲಿಂಗದ ‘ಹೊಸ್’ ಅದಕ್ಕೆ ಹೊಂದುವುದಿಲ್ಲ. ಈ ತೊಡಕನ್ನು ನೇರ್ಪಡಿಸಲೆಂದೇ ಕ್ಲಾರೊಮೊಂಟಾನುಸ್ ಎಂಬ ಇನ್ನೊಂದು ಹಸ್ತಪ್ರತಿಯ ಮೂಲ ಲಿಪಿಕಾರನೋ ಅವನ ಮುಂದಿದ್ದ ಪ್ರತಿಯೋ ಸಿಗ್ಮಾವನ್ನು ಬಿಟ್ಟು, ನಪುಂಸಕದ ‘ಹೊ’ ಮಾಡಿರಬೇಕು. ‘ಥೆಯೊಸ್’ ಇದ್ದಿದ್ದರೆ ಹಾಗೆ ತಿದ್ದುವ ಪ್ರಮೇಯವೇ ಬರುತ್ತಿರಲಿಲ್ಲ.