ಸೈಟು ಸೈಟಿಗೂ ಬಣ್ಣ ಹಚ್ಚಿದ ನಕ್ಷೆ

1893ರಲ್ಲಿ ಶಿಕಾಗೊದ ಹಾಲ್‌ಸ್ಟೆಡ್ ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ಒಂದು ಸಣ್ಣ ತಂಡ ಮನೆಮನೆಯ ಬಾಗಿಲು ತಟ್ಟುತ್ತಾ ಹೋಯಿತು. ಯಾವ ದೇಶದವರು? ವಾರದ ಸಂಪಾದನೆ ಎಷ್ಟು? ಅಮೆರಿಕ ಸರ್ಕಾರದ ಕಾರ್ಮಿಕ ಇಲಾಖೆಗೆ ಈ ಲೆಕ್ಕ ಬೇಕಿತ್ತು. ಉಸ್ತುವಾರಿ ಫ್ಲಾರೆನ್ಸ್ ಕೆಲ್ಲಿ ಎಂಬಾಕೆಯದು. ಅದೇ ಬೀದಿಯಲ್ಲಿ ಬಡವರ ನಡುವೆ ಬದುಕಲೆಂದೇ 1889ರಲ್ಲಿ ಶುರುವಾಗಿದ್ದ ಹಲ್ ಹೌಸ್ ಎಂಬ ಸಮಾಜಸೇವಾ ಕೇಂದ್ರದಲ್ಲಿ ಆಕೆಯ ವಾಸ.

ಹಲ್ ಹೌಸ್‌ನವರು ಆ ಉತ್ತರಗಳನ್ನು ಸುಮ್ನೆ ಕಡತದಲ್ಲಿ ಬಿಡಲಿಲ್ಲ. ಸೈಟು ಸೈಟಿಗೂ ಬಣ್ಣ ಹಚ್ಚಿ, 1895ರಲ್ಲಿ ನಕ್ಷೆಯಾಗಿ ಅಚ್ಚು ಹಾಕಿಸಿದರು. ಇಟಲಿಯವರಿಗೆ ನೀಲಿ, ಐರಿಶರಿಗೆ ಹಸಿರು, ರಷ್ಯದಿಂದ ಬಂದವರಿಗೆ ಕೆಂಪು. ಒಂದು ಚದರ ಮೈಲಿಯ ಮೂರನೇ ಒಂದು ಭಾಗದಷ್ಟೇ ಜಾಗ. ಅಷ್ಟರಲ್ಲೇ 18 ದೇಶಗಳ ಜನ!

ವಲಸಿಗರೆಂದರೆ ಒಂದೊಂದು ದೇಶದವರು ಒಂದೊಂದು ಕೇರಿ ಕಟ್ಟಿಕೊಂಡಿದ್ದರು ಅಂದುಕೊಳ್ಳುತ್ತೇವೆ, ಅಲ್ವಾ? ನಕ್ಷೆ ನೋಡಿದರೆ ಅಷ್ಟು ಸಲೀಸಾಗಿಲ್ಲ. ನೀಲಿ ಜಾಸ್ತಿ ಇರುವ ಬೀದಿಗಳಿವೆ, ಕೆಂಪು ಜಾಸ್ತಿ ಇರುವ ಬೀದಿಗಳೂ ಇವೆ. ಆದರೆ ಎಷ್ಟೋ ಕಡೆ ಒಂದೇ ಸೈಟಿನಲ್ಲಿ ಎರಡು ಮೂರು ಬಣ್ಣದ ಪಟ್ಟೆಗಳು. ಬೇರೆ ಬೇರೆ ಭಾಷೆಯವರು ಒಂದೇ ಮೆಟ್ಟಿಲು ಹತ್ತುತ್ತಿದ್ದರು.

ಮತ್ತೆ ನೀಲಿ ಯಾಕೆ ಒಂದು ಕಡೆ ದಟ್ಟವಾಗುತ್ತದೆ? ಮೊದಲು ಬಂದವನು ಊರಿಗೆ ಕಾಗದ ಬರೆಯುತ್ತಾನೆ, ಅಣ್ಣತಮ್ಮಂದಿರು ಅವನ ವಿಳಾಸ ಹಿಡಿದೇ ಬರುತ್ತಾರೆ. ‘ಇಟಲಿಯವರು’ ಅನ್ನುವುದಕ್ಕಿಂತ ‘ನಮ್ಮೂರವರು’ ಅನ್ನುವುದೇ ಅಲ್ಲಿ ದೊಡ್ಡದು. ಇನ್ನೊಂದು ಕಾರಣ ಕೆಲಸ. ಟ್ರಾಮಿಗೆ 5 ಸೆಂಟ್. ಹೋಗಿಬರಲು ದಿನಕ್ಕೆ 10, ಆರು ದಿನಕ್ಕೆ 60 ಸೆಂಟ್. ಜೊತೆಗೇ ಅಚ್ಚಾದ ಕೂಲಿಯ ನಕ್ಷೆಯಲ್ಲಿ ವಾರಕ್ಕೆ 5 ಡಾಲರ್ ಕೂಡ ದಾಟದ ಸಂಸಾರಗಳಿವೆ. ಗಳಿಕೆಯ ಎಂಟನೇ ಒಂದು ಪಾಲನ್ನು ಟ್ರಾಮಿಗೆ ಸುರಿಯುವವರು ಯಾರು? ನಡೆದು ಹೋಗುವಷ್ಟು ದೂರದಲ್ಲೇ ಮನೆ. ಬಟ್ಟೆ ಹೊಲಿಯುವವರಿಗಂತೂ ಮನೆಯೇ ಕಾರ್ಖಾನೆ.

ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಐರಿಶರೋ ಜರ್ಮನರೋ ಬೇರೆ ಬಡಾವಣೆಗೆ ಹೋಗಿಬಿಡಬಹುದಿತ್ತು. ಅವರು ಬಿಟ್ಟ ಕೋಣೆಗೆ ಹೊಸಬರು ಬರುತ್ತಿದ್ದರು. ಈ ಓಡಾಟ ಎಲ್ಲರಿಗೂ ಇರಲಿಲ್ಲ. ನಕ್ಷೆಯಲ್ಲಿ ಕಪ್ಪು ಬಣ್ಣ ಕೊಟ್ಟದ್ದು ಕರಿಯರಿಗೆ. ಅವರು ವಲಸಿಗರೂ ಅಲ್ಲ, ಅಮೆರಿಕದಲ್ಲೇ ಹುಟ್ಟಿದವರು, ಇಂಗ್ಲಿಷೇ ಆಡುವವರು. ಆ ಕಪ್ಪು ಬಣ್ಣ ಶಿಕಾಗೊ ನದಿಯ ಪೂರ್ವಕ್ಕೆ, ಪ್ಲಿಮತ್ ಪ್ಲೇಸ್ ಮತ್ತು ಕ್ಲಾರ್ಕ್ ರಸ್ತೆಯಲ್ಲಿ ಒತ್ತೊತ್ತಾಗಿದೆ. ನದಿ ದಾಟಿ ಪಶ್ಚಿಮಕ್ಕೆ, ಹಲವು ದೇಶದವರು ಬೆರೆತ ಆ ಗಲ್ಲಿಗಳಲ್ಲಿ, ಎಣಿಕೆಗೆ ಸಿಕ್ಕ ಕರಿಯರು ಇಬ್ಬರೇ ಇಬ್ಬರು.