ಪ್ರೆಸ್ ಡಬಲ್ ಹೊಡೆದಾಗ

ಪೀಣ್ಯದ ಒಂದು ಪ್ರೆಸ್ ಶಾಪ್. ಯಾದಗಿರಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಐದೇ ವಾರ. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋಗಿದ್ದವು. ಆಸ್ಪತ್ರೆಗೆ ಹೋದಾಗ ನಾನು ಏನೂ ಕೇಳುವ ಮೊದಲೇ ಅವನೇ ಹೇಳಿದ, "ನಂದ ತಪ್ಪ್ರಿ ಸರ. ಲಕ್ಷ್ಯ ಇರ್ಲಿಲ್ಲ." ಫ್ಯಾಕ್ಟರಿಯವರು ಬರೆದಿದ್ದ ವರದಿಯಲ್ಲೂ ಅದೇ ಇತ್ತು, ಸ್ವಲ್ಪ ಪುಸ್ತಕದ ಕನ್ನಡದಲ್ಲಿ: ಕೆಲಸಗಾರನ ಅಜಾಗರೂಕತೆ.

ಸೇಫ್ಟಿ ಆಫೀಸರ್ ಆಗಿ ಹದಿನೆಂಟು ವರ್ಷದಿಂದ ಇಂಥ ವರದಿ ಓದುತ್ತಿದ್ದೇನೆ. ಮೊದಮೊದಲು ನಾನೂ ಹೀಗೇ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಈಗ ಕಾರಣದ ಜಾಗದಲ್ಲಿ ಈ ಪದ ಕಂಡರೆ ಕಾಗದ ಪಕ್ಕಕ್ಕಿಟ್ಟು ಮಷಿನ್ ಹತ್ತಿರ ಹೋಗುತ್ತೇನೆ.

ಪವರ್ ಪ್ರೆಸ್ ನೋಡದವರಿಗೆ ಎರಡು ಮಾತು. ಮೇಲೆ ದೊಡ್ಡ ಫ್ಲೈವೀಲ್ ಸದಾ ತಿರುಗುತ್ತಿರುತ್ತದೆ. ಕಾಲಿನ ಪೆಡಲ್ ಒತ್ತಿದರೆ ಕ್ಲಚ್ಚಿನೊಳಗಿನ ಒಂದು ಕೀ ಫ್ಲೈವೀಲನ್ನು ಶಾಫ್ಟಿಗೆ ಕಚ್ಚಿಸುತ್ತದೆ. ಶಾಫ್ಟ್ ಒಂದು ಸುತ್ತು ತಿರುಗುತ್ತದೆ, ಪಂಚ್ ಕೆಳಗೆ ಬಂದು ತಗಡನ್ನು ಕತ್ತರಿಸಿ ಮೇಲೆ ಹೋಗುತ್ತದೆ. ಮೇಲೆ ತಲುಪಿದಾಗ ಕೀ ಬಿಡಿಸಿಕೊಳ್ಳಬೇಕು. ಬಿಡಿಸುವ ಭಾಗವನ್ನು ಅದರ ಜಾಗಕ್ಕೆ ಎಳೆದು ತರುವುದು ಒಂದು ಚಿಕ್ಕ ಸ್ಪ್ರಿಂಗ್. ಆ ಸ್ಪ್ರಿಂಗ್ ತುಂಡಾದರೆ, ಕೀ ಸವೆದಿದ್ದರೆ, ಪೆಡಲ್ ಒತ್ತದೇ ಪಂಚ್ ಇನ್ನೊಂದು ಸಲ ಬರುತ್ತದೆ. ಶಾಪಿನಲ್ಲಿ ಇದಕ್ಕೆ 'ಡಬಲ್ ಹೊಡೀತು' ಅಂತಾರೆ. ನಿಮಿಷಕ್ಕೆ 60 ಸ್ಟ್ರೋಕಿನ ಪ್ರೆಸ್ ಆದರೆ ಪಂಚ್ ಕೆಳಗಿಳಿಯಲು ಬೇಕಾದದ್ದು ಅರ್ಧ ಸೆಕೆಂಡ್. ಆ ಹೊತ್ತಿಗೆ ಹುಡುಗನ ಕೈ ಆದ ಪೀಸ್ ತೆಗೆಯಲು ಡೈ, ಅಂದ್ರೆ ಪಂಚ್ ಕೆಳಗಿನ ಅಚ್ಚಿನ ಒಳಗೆ ಹೋಗಿರುತ್ತದೆ. ಇಲ್ಲಿ ಲಕ್ಷ್ಯ ಇದ್ದು ಏನು ಮಾಡಬೇಕು, ನೀವೇ ಹೇಳಿ.

ಆವತ್ತು ಕ್ಲಚ್ ಕವರ್ ಬಿಚ್ಚಿಸಿದೆವು. ಸ್ಪ್ರಿಂಗ್ ಎರಡು ತುಂಡಾಗಿ ಕೈಗೆ ಬಂತು. ಮುರಿದ ಬಾಯಿಯನ್ನು ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಿಡಿದು ನೋಡಿದೆ. ಅರ್ಧ ಭಾಗ ಮಬ್ಬು, ಗ್ರೀಸ್ ಮೆತ್ತಿ ಕಪ್ಪಾಗಿತ್ತು. ಉಳಿದರ್ಧ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಅಂದ್ರೆ ಬಿರುಕು ಹಳೆಯದು, ಪೂರ್ತಿ ಮುರಿದದ್ದು ಮಾತ್ರ ಈಗ. ಟೀ ಬಿಟ್ಟಾಗ ಹಳಬರೊಬ್ಬರು ಮೆಲ್ಲಗೆ ಹೇಳಿದರು, "ಅದು ಆಗಾಗ ಡಬಲ್ ಹೊಡೀತಿತ್ತು ಸರ್. ಅದಕ್ಕೇ ನಾವ್ಯಾರೂ ಅದರಲ್ಲಿ ಕೂರಲ್ಲ."

ಹಳಬರು ಕೂರದ ಮಷಿನ್ ಹೊಸಬನಿಗೆ ಸಿಗುತ್ತದೆ. ಭಾಷೆ ಬರದವನಿಗೆ, ಕಾಂಟ್ರಾಕ್ಟಿನಲ್ಲಿ ಬಂದವನಿಗೆ, ಇಲ್ಲ ಅನ್ನಲು ಆಗದವನಿಗೆ. ಅಪಘಾತ ಆದಾಗ ಈಗ ನಾನು ಮೊದಲು ಕೇಳುವುದು ಇಷ್ಟೇ: ಈ ಮಷಿನ್ ಮೇಲೆ ಮೊದಲು ಯಾರಿದ್ದರು, ಯಾಕೆ ಬಿಟ್ಟರು?

ಲಕ್ಷ್ಯದ ಲೆಕ್ಕವನ್ನೂ ಮಾಡಿಬಿಡೋಣ. ಶಿಫ್ಟಿಗೆ 4,000 ಪೀಸ್ ಟಾರ್ಗೆಟ್ ಅಂದುಕೊಳ್ಳಿ. ಎಂಟು ಗಂಟೆಗೆ 28,800 ಸೆಕೆಂಡ್. ಊಟ, ಟೀ ಏನೂ ಕಳೆಯದೆ ಪೀಸಿಗೆ ಏಳು ಸೆಕೆಂಡ್. 4,000 ಸಲ ಕೈ ಒಳಗೆ ಹೋಗಬೇಕು, 4,000 ಸಲವೂ ಸರಿಯಾಗಿ ವಾಪಸ್ ಬರಬೇಕು. ಓವರ್‌ಟೈಮ್ ಬೇರೆ.

ಮಾಲೀಕರೆಲ್ಲ ಕೆಟ್ಟವರು ಅಂತಲ್ಲ. ಒಬ್ಬರು ದುಡ್ಡು ಸುರಿದು ಹಳೇ ಪ್ರೆಸ್ಸಿಗೆ ಸೆನ್ಸಾರ್ ಹಾಕಿಸಿದ್ದರು. ಕೈ ಅಡ್ಡ ಬಂದರೆ ಬೆಳಕಿನ ಪರದೆ ಕಡಿದು ಮಷಿನ್ ನಿಲ್ಲಬೇಕು. ನನಗೆ ತೋರಿಸಿ ಖುಷಿಪಟ್ಟರು. ಹೇಳಲು ಬೇಜಾರಾಯ್ತು. ಕೀ ಕ್ಲಚ್ ಪ್ರೆಸ್ ಒಮ್ಮೆ ಕಚ್ಚಿದರೆ ಸುತ್ತು ಮುಗಿಸದೆ ನಿಲ್ಲುವುದಿಲ್ಲ. ಸೆನ್ಸಾರ್ ಕೂಗಿಕೊಂಡರೂ ಪಂಚ್ ಬಂದೇ ಬರುತ್ತದೆ. ಅದು ಕೆಲಸ ಮಾಡುವುದು ನಡುದಾರಿಯಲ್ಲಿ ನಿಲ್ಲಬಲ್ಲ ಗಾಳಿ ಕ್ಲಚ್ಚಿನ ಪ್ರೆಸ್ಸಿಗೆ ಮಾತ್ರ.

ಎರಡೂ ಕೈಯಲ್ಲಿ ಒತ್ತುವ ಬಟನ್ ಇನ್ನೊಂದು ಉಪಾಯ. ಒಂದು ಬಟನ್ನಿಗೆ ಟೇಪ್ ಸುತ್ತಿಟ್ಟು ಒಂದೇ ಕೈಯಲ್ಲಿ ಓಡಿಸುವುದನ್ನು ಎಷ್ಟು ಕಡೆ ನೋಡಿದ್ದೇನೋ. ಬೈದು ಟೇಪ್ ಕಿತ್ತರೆ ಮರುದಿನ ಮತ್ತೆ ಇರುತ್ತದೆ. ಪೀಸ್ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಟೇಪ್ ಬಂದೇ ಬರುತ್ತದೆ. ಕೈ ಹಾಕದೆ ಪೀಸ್ ತೆಗೆಯಲು ಕೊಟ್ಟ ಇಕ್ಕಳದ ಕಥೆಯೂ ಇದೇ, ಮೊಳೆಗೆ ನೇತಾಡುತ್ತಿರುತ್ತದೆ.

ನನ್ನ ಮಟ್ಟಿಗೆ ನಿಜವಾದ ಮದ್ದು ಡೈ ಸುತ್ತ ಮುಚ್ಚುವುದು. ತಗಡು ಮಾತ್ರ ಜಾರಿ ಹೋಗುವಷ್ಟು, 6 ಮಿಲಿಮೀಟರ್‌ಗಿಂತ ಜಾಸ್ತಿ ಇಲ್ಲದ ಸಂದಿ ಬಿಡಿ. ಬೆರಳ ತುದಿ ಒಳಗೆ ಹೋಗಲೇಬಾರದು. ಆಮೇಲೆ ಡಬಲ್ ಹೊಡೆದರೂ ಹಾಳಾಗುವುದು ಒಂದು ಪೀಸ್ ಅಷ್ಟೆ. ಅಪಾಯದ ಭಾಗಕ್ಕೆ ಗಟ್ಟಿ ಗಾರ್ಡ್ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 21ನೇ ಸೆಕ್ಷನ್ನಿನಲ್ಲೇ ಹೇಳಿತ್ತು, ಹೊಸ ವಿಷಯವೇನಲ್ಲ.

ಬೆರಳು ತುಂಡಾದಾಗ ಗಾಬರಿಯಲ್ಲಿ ಅದನ್ನು ನೇರ ಐಸಿನಲ್ಲಿ ಹಾಕಿ ತರುತ್ತಾರೆ. ಹಾಗೆ ಮಾಡಬೇಡಿ, ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿಡಿ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು, ಕೈ ಎತ್ತಿ ಹಿಡಿದು ಹೊರಡಿ. ಚೂಪಾಗಿ ಕತ್ತರಿಸಿದ ಬೆರಳನ್ನು ಜೋಡಿಸುವ ಸಾಧ್ಯತೆ ಜಾಸ್ತಿ. ಪ್ರೆಸ್ಸಿನಲ್ಲಿ ಜಜ್ಜಿ ಹೋದದ್ದು ಕಷ್ಟ. ಅದನ್ನು ಸರ್ಜನ್ ನೋಡಿ ಹೇಳಲಿ, ನೀವು ಬಿಟ್ಟು ಬರಬೇಡಿ.

ಇನ್ನು ಪರಿಹಾರ. ಲಕ್ಷ್ಯ ತಪ್ಪಿತು ಅಂತ ಒಪ್ಪಿಕೊಂಡರೆ ದುಡ್ಡು ಸಿಗಲ್ಲ ಅಂತ ಹುಡುಗರು ಹೆದರುತ್ತಾರೆ. ಗಮನ ತಪ್ಪಿದ್ದಕ್ಕೆ ಪರಿಹಾರ ತಪ್ಪುವುದಿಲ್ಲ. ಕುಡಿದು ಬಂದದ್ದು, ಬೇಕಂತಲೇ ಗಾರ್ಡ್ ತೆಗೆದದ್ದು ಬೇರೆ ಮಾತು. ಯಾವ ಬೆರಳಿಗೆ ದುಡಿಮೆ ಶಕ್ತಿಯಲ್ಲಿ ಎಷ್ಟು ನಷ್ಟ ಅಂತ ಕಾನೂನಿನಲ್ಲೇ ಪಟ್ಟಿ ಇದೆ. ಹೆಬ್ಬೆರಳಿಗೆ ಶೇ 30. ಒಂದೇ ಕೈಯ ನಾಲ್ಕೂ ಬೆರಳಿಗೆ ಶೇ 50. ಎರಡು ಬೆರಳಿಗೆ ಶೇ 20.

ಯಾದಗಿರಿ ಹುಡುಗನಿಗೆ ಬಂದದ್ದು ಆ ಶೇ 20. ಈಗ ಅದೇ ಶೆಡ್ಡಿನ ಪ್ಯಾಕಿಂಗ್ ಕಡೆ ಇದ್ದಾನೆ. ಆ ಪ್ರೆಸ್ಸಿಗೆ ಹೊಸ ಸ್ಪ್ರಿಂಗ್ ಹಾಕಿಸಿ, ಮುಂದೆ ಜಾಲರಿ ಗಾರ್ಡ್ ಕೂರಿಸಿದರು. ಅಷ್ಟಾದರೂ ಎರಡು ವಾರ ಹಳಬರು ಯಾರೂ ಅದರ ಸ್ಟೂಲಿನ ಮೇಲೆ ಕೂರಲು ಒಪ್ಪಲಿಲ್ಲ.